ರಜೆಯಲ್ಲಿ ಬರುವ ತರುಣರ ವಿಷಯವಾಗಿ

ಹಳಿಯಾಳದ ಇಂಜಿನಿಯರಿಂಗ್ ಕಾಲೇಜಿನಿಂದಲೋ ಹುಬ್ಬಳ್ಳಿ-ಧಾರವಾಡಗಳಿಂದಲೋ ಬೇಸಗೆಯಲ್ಲಿ ತಮ್ಮ ಬಾಗಿಲಿಗೆ ಬರುವ ವಿದ್ಯಾರ್ಥಿಯು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಇಂಟರ್ನ್‌ಶಿಪ್ಪನ್ನು ಕಡ್ಡಾಯಗೊಳಿಸಿರುವ ಕಾರಣದಿಂದ, ಪ್ರಮಾಣಪತ್ರವೊಂದನ್ನೇ ಅಪೇಕ್ಷಿಸಿ ಬಂದಿರುವನೆಂದು ಭಾವಿಸುವ ಮಾಲೀಕರು ಅನೇಕರುಂಟು. ಆ ಭಾವನೆ ಸರ್ವಥಾ ಸುಳ್ಳಲ್ಲ. ಆದರೆ ಝೆರಾಕ್ಸ್ ಮಾಡಿಸುವುದರಲ್ಲಿಯೂ ಚಹಾ ತರಿಸುವುದರಲ್ಲಿಯೂ ಅವನ ವಾರಗಳನ್ನು ಕಳೆಯಿಸಿ, ಬಳಿಕ ಆಸಕ್ತಿಯಿಲ್ಲದವನೆಂದು ದೂರುವುದು ನ್ಯಾಯವೆನಿಸದು.

ಒಂದೇ ಕ್ರಿಯೆಯನ್ನು ಆದ್ಯಂತವಾಗಿ ನೋಡಗೊಡಿರಿ. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿನಂಥ ಕಾರ್ಖಾನೆಯಲ್ಲಾದರೆ, ಮರದ ಚಕ್ಕೆಯು ರಾಸಾಯನಿಕಗಳಲ್ಲಿ ಬೆಂದು ತಿರುಳಾಗುವುದನ್ನೂ, ಉಳಿದ ಕಪ್ಪು ದ್ರಾವಣವು ಬಾಯ್ಲರಿನಲ್ಲಿ ಉರಿದು ಉಗಿಯನ್ನಿತ್ತು ರಾಸಾಯನಿಕವನ್ನೂ ಮರಳಿಸುವುದನ್ನೂ ಅನುಸರಿಸಿ, ಪ್ರತಿದಿನ ಅರ್ಧಪುಟ ಬರೆದಿಡುವ ತರುಣನು ಹತ್ತು ವಿಭಾಗಗಳಲ್ಲಿ ಸುಮ್ಮನೆ ಸುತ್ತಿದವನಿಗಿಂತ ಹೆಚ್ಚು ಕಲಿಯುತ್ತಾನೆ; ಅವನ ಅರ್ಧಪುಟವನ್ನು ಓದುವ ಹಿರಿಯ ಕೆಲಸಗಾರನೊಬ್ಬನು ಮಾತ್ರ ಇರಲೇಬೇಕು. (ಇಂಜಿನಿಯರನಿಗಿಂತ ಫೋರ್‌ಮನ್ನನೇ ಇದಕ್ಕೆ ಯೋಗ್ಯನೆಂಬುದು ನನ್ನ ಅಭಿಪ್ರಾಯ.) ಸುರಕ್ಷತೆಯ ಪಾಠ ಮೊದಲ ದಿನವೇ ನಡೆಯಲಿ.

ಗಣೇಶಗುಡಿಯ ರಾಫ್ಟಿಂಗಿನವರು ಪಳಗದ ಹುಡುಗನಿಗೆ ಹುಟ್ಟು ಕೊಡಬಾರದು. ಬುಕಿಂಗಿನ ಲೆಕ್ಕ ಕೊಡಬಹುದು. 1966ರಿಂದ ಟಿಬೆಟನ್ನರು ನೆಲೆಸಿರುವ ಮುಂಡಗೋಡದಲ್ಲಿ ವಾಣಿಜ್ಯ ವಿದ್ಯಾರ್ಥಿಗೆ ಅಂಗಡಿಯ ದಾಸ್ತಾನು ಪುಸ್ತಕವೇ ಉತ್ತಮ ಪಾಠ. ಜೋಯಿಡಾದ ಹೋಂಸ್ಟೇಯವರು ವಿದ್ಯಾರ್ಥಿನಿಯರನ್ನು ಕರೆಯುವ ಮುನ್ನ ವಸತಿಯನ್ನೂ ಸಂಜೆಯ ಬಸ್ಸನ್ನೂ ವಿಚಾರಿಸಿಕೊಳ್ಳತಕ್ಕದ್ದು.

ಅಪ್ರೆಂಟಿಸನಿಗೆ 1961ರ ಕಾಯಿದೆಯು ಭತ್ಯೆಯನ್ನು ವಿಧಿಸಿದೆ. ಕಾಲೇಜಿನಿಂದ ಬಂದ ಇಂಟರ್ನಿಗೆ ಆ ಆಸರೆಯಿಲ್ಲವಾದುದರಿಂದ, ಬಸ್ಸಿನ ಖರ್ಚನ್ನೂ ಮಧ್ಯಾಹ್ನದ ಊಟವನ್ನೂ ತಾವಾಗಿಯೇ ಕೊಡಿರಿ, ಅದನ್ನು ಮೊದಲೇ ಕಾಗದದ ಮೇಲೆ ಬರೆದುಕೊಡಿರಿ.