ಕಲ್ಮನೆ

ಕಾರವಾರ, ಅಂಕೋಲೆ ಕಡೆ ನಾವು ಮನೆ ಹೇಗೆ ಕಟ್ಟುತ್ತೇವೆ? ಚಿರೆಕಲ್ಲು ಕಡಿದು ತರುತ್ತೇವೆ. ಒಂದರ ಮೇಲೊಂದು ಇಟ್ಟು ಗೋಡೆ ಏರಿಸುತ್ತೇವೆ. ಕಡೆಗೆ ಮಾಡು.

ಬಾಗಲಕೋಟೆ ಜಿಲ್ಲೆಯ ಬಾದಾಮಿಯಲ್ಲಿ ಎಲ್ಲಾ ತಿರುಗಾಮುರುಗಾ. ಅಲ್ಲಿ ಗುಡ್ಡದ ಬಂಡೆಯನ್ನೇ ಕೊರೆದು ಗುಡಿ ಮಾಡಿದ್ದಾರೆ. ಮೊದಲು ಮಾಡು, ಕಡೆಗೆ ನೆಲ. ಕಂಬಗಳೂ ಅದೇ ಬಂಡೆಯವು. ಉಳಿ ಜಾರಿ ಒಂದು ಚೂರು ಹಾರಿತೋ, ಹೋಯಿತು. ಮತ್ತೆ ಹಚ್ಚಲಿಕ್ಕೆ ಬರುವುದಿಲ್ಲ!

ಇಂಥ ಗುಹೆಗಳು ನಾಲ್ಕು. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ವಿಷ್ಣುವಿನದು. ಚಾಲುಕ್ಯರ ಮಂಗಳೇಶ 578ರಲ್ಲಿ ಮಾಡಿಸಿದ. ಅದರ ಪಕ್ಕದ ಬಂಡೆಯ ಮೇಲೆ ಹಳೆಯ ಕನ್ನಡದ ಬರಹ ಇದೆ. ಅದರಲ್ಲಿ ಗುಹೆಯನ್ನು 'ಕಲ್ಮನೆ' ಎಂದು ಕರೆದಿದ್ದಾರೆ. ಕಲ್ಲು, ಮನೆ. ಎರಡೂ ನೀವು ಕಲಿತ ಶಬ್ದಗಳೇ! ಅಕ್ಷರದ ಆಕಾರ ಮಾತ್ರ ಈಗಿನ ಹಾಗಿಲ್ಲ.

ಮಂಗಳೇಶ ಈ ಕಲ್ಮನೆಗೆ ಒಂದು ಊರನ್ನು ದಾನ ಕೊಟ್ಟ. ದಾನ ಕೆಡಿಸಿದವನು ನರಕದ ಹುಳು ಆಗುತ್ತಾನೆ ಎಂದೂ ಬರೆಸಿದ.

ಈಗ ಸರಕಾರದ ಕಾಯಿದೆ ಇದೆ. ಇಂಥ ಗೋಡೆಯ ಮೇಲೆ ಹೆಸರು ಕೆತ್ತಿ ಕೆಡಿಸಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಹೊಸದಾಗಿ ಬರೆಯಲು ಕಲಿತವರಿಗೆ ಕಂಡಲ್ಲೆಲ್ಲ ಹೆಸರು ಬರೆಯುವ ಆಸೆ. (ಗೀಚುವವರು ಶಾಲೆ ಕಲಿತವರೇ ಹೆಚ್ಚು ಅನ್ನಿ!) ನಿಮ್ಮ ಹೆಸರನ್ನು ಇಲ್ಲಿ ಬರೆಯಿರಿ: ....................