ಕಿಲೋಮೀಟರಿಗೆ ನಾಲ್ಕು ಪೈಸೆ

ಬಬಲೇಶ್ವರದ ದ್ರಾಕ್ಷಿ ಬೆಳೆಗಾರರೊಬ್ಬರಿಂದ ಕೊಂಡ ಹಳೆಯ ಕಾರಿಗೆ, ಸರಿಯಾಗಿ ಓಡಿಸುವ ಮೊದಲೇ 13,800 ರೂಪಾಯಿ ಸುರಿದೆ. ರೇಡಿಯೇಟರ್, ಪೈಪು, ಥರ್ಮೋಸ್ಟಾಟ್, ವಾಟರ್ ಪಂಪ್, ಕೂಲಂಟ್, ಮಜೂರಿ ಎಲ್ಲ ಸೇರಿ. “ಗಾಡಿ ಹೀಟ್ ಆಗವಲ್ದು, ಯಾಕ್ ಬಿಚ್ಚಸ್ತೀರಿ ಸರ್?” ಅಂದ ಮಿಸ್ತ್ರಿ. ಮನೆಯಲ್ಲೂ ಅದೇ ಪ್ರಶ್ನೆ, ದನಿ ಮಾತ್ರ ಇನ್ನಷ್ಟು ಏರಿತ್ತು.

ಬಿಚ್ಚಿದ ಪೈಪಿನ ಬಾಯಿಗೆ ಬೆರಳು ಹಾಕಿದರೆ ಬಿಳಿ ಸುಣ್ಣದ ಚಕ್ಕೆ ಉದುರಿತು. ಕೂಲಂಟ್ ಡಬ್ಬಿಯಲ್ಲಿದ್ದದ್ದು ತುಕ್ಕು ಬಣ್ಣದ ಬೋರ್ ನೀರು. ಆ ನೀರಿನ ಗುಣವನ್ನು ತಿಕೋಟಾ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಡ್ರಿಪ್ಪಿನ ತೂತು ಕಟ್ಟಿಕೊಳ್ಳುತ್ತವೆಂದು ತೋಟದ ಪೈಪಿಗೆ ಆ್ಯಸಿಡ್ ಬಿಡುವ ರೈತನೇ, ಅದೇ ನೀರನ್ನು ಕೊಡದಲ್ಲಿ ತಂದು ರೇಡಿಯೇಟರಿಗೆ ಹೊಯ್ಯುತ್ತಾನೆ. ಕೇಳಿದರೆ, ಕೂಲಂಟ್ ತುಟ್ಟಿ!

ಎಷ್ಟು ತುಟ್ಟಿ? ನನ್ನ ಗಾಡಿಗೆ 5 ಲೀಟರ್ ಹಿಡಿಯುತ್ತದೆ. ಎರಡೂವರೆ ಲೀಟರ್ ಕೂಲಂಟ್, ಅಷ್ಟೇ ಡಿಸ್ಟಿಲ್ಡ್ ವಾಟರ್, ಮಜೂರಿ ಸೇರಿ 1,600 ರೂಪಾಯಿ. 40,000 ಕಿ.ಮೀ.ಗೊಮ್ಮೆ ಬದಲಿಸಿದರೆ ಕಿಲೋಮೀಟರಿಗೆ 4 ಪೈಸೆ. ಪೆಟ್ರೋಲ್ ಲೀಟರಿಗೆ 102, ಮೈಲೇಜ್ 15 ಅಂತ ಹಿಡಿಯಿರಿ: ಕಿಲೋಮೀಟರಿಗೆ 6 ರೂಪಾಯಿ 80 ಪೈಸೆ. ವಿಜಯಪುರದಿಂದ ತಿಕೋಟಾ ಸುಮಾರು 20 ಕಿ.ಮೀ. ಪೆಟ್ರೋಲಿಗೆ 136 ರೂಪಾಯಿ, ಕೂಲಂಟಿಗೆ 80 ಪೈಸೆ. ಗಾಡಿ ಕಡಿಮೆ ಓಡಿಸುವವರು ಮೂರು ವರ್ಷಕ್ಕೊಮ್ಮೆ ಬದಲಿಸಿದರೂ ತಿಂಗಳಿಗೆ 45 ರೂಪಾಯಿ ದಾಟುವುದಿಲ್ಲ. ಹೆಡ್ ಗ್ಯಾಸ್ಕೆಟ್ ಹೋಗಿ ಹೆಡ್ ಫೇಸಿಂಗಿಗೆ ಬಂದರೆ ಇದೇ ಗಾಡಿಗೆ ನನಗೆ ಕೊಟ್ಟ ಅಂದಾಜು 30,000.

ನಮ್ಮೂರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಇಲ್ಲಿ ಬರೀ ನೀರು 98 ಡಿಗ್ರಿಗೇ ಕುದಿಯುತ್ತದೆ. ಸಮಪಾಲು ಕೂಲಂಟ್ ಇದ್ದು ಮುಚ್ಚಳ ಬಿಗಿಯಾಗಿದ್ದರೆ 120 ದಾಟಿದರೂ ಕುದಿಯದು. ಏಪ್ರಿಲ್‌ನಲ್ಲಿ ಹೊರಗೇ 40 ಡಿಗ್ರಿ ಇರುವ ಊರಿಗೆ ಇದಕ್ಕಿಂತ ಅಗ್ಗದ ವಿಮೆ ಇಲ್ಲ.

ವಿಮೆ ಅಂದೆನಲ್ಲ, ಏಜೆಂಟರೊಬ್ಬರು ‘ಎಂಜಿನ್ ಪ್ರೊಟೆಕ್ಟ್’ ಹಚ್ಚಿಸಿಬಿಡಿ, ಹೀಟ್ ಆದರೂ ಚಿಂತೆಯಿಲ್ಲ ಎಂದಿದ್ದರು. ಪಾಲಿಸಿ ಓದಿ ನೋಡಿ. ಅದು ಸಾಮಾನ್ಯವಾಗಿ ಮಳೆನೀರು ಎಂಜಿನ್‌ಗೆ ನುಗ್ಗಿದವರಿಗೆ, ತಳ ಬಡಿದು ಆಯಿಲ್ ಸೋರಿದವರಿಗೆ. ನೀರಿಲ್ಲದೆ ಸುಟ್ಟ ಎಂಜಿನ್ ಸವಕಳಿ, ನಿರ್ಲಕ್ಷ್ಯದ ಖಾತೆಗೆ ಹೋಗುತ್ತದೆ, ಕ್ಲೇಮು ಸೊನ್ನೆ. ನೀರಿಲ್ಲದೆ ಎಂಜಿನ್ ಕೆಡುವ ಜಿಲ್ಲೆಯಲ್ಲಿ ನೀರು ಹೊಕ್ಕರೆ ಪರಿಹಾರ ಕೊಡುವ ಪಾಲಿಸಿ ಮಾರುತ್ತಾರೆ, ನಾವೂ ಸಹಿ ಹಾಕುತ್ತೇವೆ.

ಒಣದ್ರಾಕ್ಷಿಯ ದರವನ್ನು ದಿನಕ್ಕೆ ನಾಲ್ಕು ಸಲ ಫೋನು ಮಾಡಿ ಕೇಳುವವರು, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ ಡಬ್ಬಿಯ ಗೆರೆ ನೋಡುವುದಿಲ್ಲ. ಹೀಟ್ ಮುಳ್ಳು ಮೇಲೇರಿದರೂ “ಊರು ಇಲ್ಲೇ ಐತಿ” ಎಂದು ಓಡಿಸುತ್ತಾರೆ. ಆ ಕೊನೆಯ ನಾಲ್ಕು ಕಿಲೋಮೀಟರಿನಲ್ಲೇ ಹೆಡ್ ಬಾಗುವುದು. ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಅರ್ಧ ಗಂಟೆಯಾದರೂ ಮುಚ್ಚಳ ಮುಟ್ಟಬೇಡಿ. ಮಿಸ್ತ್ರಿಗೆ ಫೋನು ಹಚ್ಚಲು ಅಷ್ಟು ಹೊತ್ತು ಸಾಕು.