ಡೈ ಹಚ್ಚುವ ಮುನ್ನ ಎರಡು ದಿನ ತಡೆಯಿರಿ

"ಹತ್ತು ವರ್ಷದಿಂದ ಇದೇ ಡೈ ಹಚ್ತಿದೀನಿ, ನನಗೇನೂ ಆಗಲ್ಲ" ಅನ್ನುವವರಿಗೇ ಈ ಮಾತು. ಡೈ ಅಲರ್ಜಿ ಎಷ್ಟೋ ಸಲ ಹುಟ್ಟುವುದು ಹಳೇ ಪರಿಚಯದ ವಸ್ತುವಿನ ಮೇಲೇ.

ಬಹುಪಾಲು ಕಪ್ಪು ಡೈಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಚರ್ಮದೊಳಗಿಳಿದು ಅಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಚರ್ಮದ ಕಾವಲು ಕೋಶಗಳು ಅದನ್ನು ದುಗ್ಧಗ್ರಂಥಿಗೆ ಒಯ್ದು ಟಿ-ಕೋಶಗಳಿಗೆ ತೋರಿಸುತ್ತವೆ. ಟಿ-ಕೋಶಗಳು ಗುರುತಿಟ್ಟುಕೊಳ್ಳುತ್ತವೆ, ಹೊರಗೆ ಏನೂ ಕಾಣುವುದಿಲ್ಲ. ಮುಂದೊಮ್ಮೆ ಹಚ್ಚಿದಾಗ ಅವು ದಾಳಿಗಿಳಿಯುತ್ತವೆ; ಒಂದೆರಡು ದಿನದಲ್ಲಿ ನೆತ್ತಿ ತುರಿಸಿ, ಕಿವಿಯಂಚು ನೀರೊಡೆದು, ರೆಪ್ಪೆ ಊದಿಕೊಳ್ಳುತ್ತದೆ.

ಈ ದಾಳಿಗೆ ಲಗಾಮು ಹಾಕುವ ಟಿ-ಕೋಶಗಳೂ ಇವೆ, ಹೆಸರು ಟಿ-ರೆಗ್. 2025ರ ವೈದ್ಯಕೀಯ ನೊಬೆಲ್ ಸಂದದ್ದು ಇವುಗಳ ಕುರಿತ ಶೋಧಕ್ಕೇ. ಎದ್ದ ಉರಿಯೂತ ತಣಿಯುವುದರಲ್ಲಿ ಇವುಗಳ ಪಾಲು ದೊಡ್ಡದು. ಹಾಗಂತ ಇವನ್ನು ನಂಬಿ ಮತ್ತೆ ಡೈ ಹಚ್ಚಬೇಡಿ; ಗುರುತಿಟ್ಟುಕೊಂಡ ಕೋಶಗಳು ವರ್ಷಗಟ್ಟಲೆ ಉಳಿಯುತ್ತವೆ.

ಪ್ಯಾಕೆಟ್ ಮೇಲೆ ಬರೆದಂತೆ ಮೊದಲು ಕಿವಿಯ ಹಿಂದೆ ಚೂರು ಹಚ್ಚಿ 48 ಗಂಟೆ ನೋಡಿ. ಮದುವೆಗೆ ಹೊರಡುವ ಬೆಳಿಗ್ಗೆ ಮಾಡುವ ಕೆಲಸವಲ್ಲ ಇದು! ಕೈಗೆ ಹಾಕುವ 'ಕಪ್ಪು ಮೆಹಂದಿ'ಯನ್ನೂ ಅನುಮಾನಿಸಿ. ಮದರಂಗಿ ಸೊಪ್ಪಿನ ಬಣ್ಣ ಕೆಂಪು; ನಿಮಿಷಗಳಲ್ಲೇ ಕಡುಗಪ್ಪಾದರೆ ಪಿಪಿಡಿ ಬೆರೆತಿರಬಹುದು. ಒಮ್ಮೆ ಮುಖ ಊದಿತೋ, ಬ್ರಾಂಡ್ ಬದಲಿಸಿ ನೋಡುವ ಪ್ರಯೋಗ ಬೇಡ. ಚರ್ಮವೈದ್ಯರಲ್ಲಿ ಪ್ಯಾಚ್ ಟೆಸ್ಟ್ ಮಾಡಿಸಿ. ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು ಎರಡು ದಿನ ನೆನೆಸುವಂತಿಲ್ಲ, ಬೇಸಿಗೆಯಲ್ಲಿ ಅದೊಂದು ಹಿಂಸೆಯೇ. ಸಾಧ್ಯವಾದರೆ ಚಳಿಗಾಲದಲ್ಲಿ ಹೋಗಿ.